ಮೋಡ ಬೇಕಾಗಿದ್ದ ಜನವರಿ

"ಆಕಾಶ ನೋಡಿ ನೋಡಿ ನಿಮ್ಮ ಕುತ್ತಿಗೆ ಒಂದು ದಿವಸ ಹಾಗೇ ನಿಂತುಬಿಡ್ತದೆ ಮಾರಾಯ್ರೆ. ಆಮೇಲೆ ಮಗಳ ಮದುವೆಯಲ್ಲಿ ಅಳಿಯನ ಮುಖ ಬಿಟ್ಟು ಮಂಟಪದ ಫ್ಯಾನು ನೋಡ್ತಾ ಕೂತ್ಕೊಳ್ಬೇಕಾದೀತು."

ಚಂಪಾ ಚಹಾದ ಲೋಟವನ್ನು ನೀರಿನ ಟಾಂಕಿಯ ಕಟ್ಟೆಯ ಮೇಲೆ ಕುಕ್ಕಿ, ಸೆರಗನ್ನು ಕಿವಿ ಮುಚ್ಚುವಂತೆ ಎಳೆದುಕೊಂಡಳು. ದೂಜಣ್ಣ ಕತ್ತು ಇಳಿಸಲಿಲ್ಲ.

"ನೋಡು ಇದನ್ನು. ಒಂದು ತುಂಡು ಮೋಡ ಇಲ್ಲ. ತೊಳೆದು ಕವುಚಿ ಹಾಕಿದ ಸ್ಟೀಲು ಬಟ್ಟಲಿನ ಹಾಗೆ ಉಂಟು. ಸ್ವಲ್ಪವಾದರೂ ನಾಚಿಕೆ ಬೇಡ್ವಾ?"

"ಯಾರಿಗೆ?"

"ಆಕಾಶಕ್ಕೆ. ಮತ್ತೆ ಯಾರಿಗೆ!"

"ನಾಚಿಕೆ ಆಗ್ಲಿಕ್ಕೆ ಆಕಾಶ ಎಂತ ನಿಮ್ಮ ಹಾಗೆ ಬನಿಯನಿನಲ್ಲಿ ನಿಂತಿದೆಯಾ? ಮೊದಲು ಸ್ವೆಟರು ಹಾಕಿ."

"ಸ್ವೆಟರು ಹಾಕಿದ್ರೆ ಚಳಿಗೆ ಸೋತ ಹಾಗೆ. ನಾನು ಹಾಕುದಿಲ್ಲ."

ಕಾಂದಿವಲಿ ಪೂರ್ವದ ಆ ನಾಲ್ಕು ಮಾಳಿಗೆಯ ಹಳೆಯ ಬಿಲ್ಡಿಂಗಿನ ಟೆರೇಸಿನಲ್ಲಿ ಚಳಿಗಾಲದ ಬೆಳಗೆಂದರೆ ಎರಡು ಬಣ್ಣ. ಕೆಳಗಡೆ, ಕ್ರೇನುಗಳ ಮೊಣಕಾಲಿನ ಮಟ್ಟಕ್ಕೆ, ಧೂಳು ಮತ್ತು ಹೊಗೆಯ ಒಂದು ಕಂದು ಪಟ್ಟಿ. ಅದರ ಮೇಲೆ ನೀಲಿ, ಬರೀ ನೀಲಿ. ನ್ಯಾಷನಲ್ ಪಾರ್ಕಿನ ಗುಡ್ಡದ ಕಡೆಯಿಂದ ಸಣ್ಣಗೆ ಗಾಳಿ ಬೀಸಿ ಕಿವಿಯ ತುದಿ ಕಚ್ಚುತ್ತಿತ್ತು. ವರ್ಷವಿಡೀ ಬೆವರು ಒರೆಸಿಕೊಳ್ಳುವ ಊರು ಆ ಜನವರಿಯಲ್ಲಿ ಮದುಮಗನ ಹಾಗೆ ಸಿಂಗರಿಸಿಕೊಂಡು ಓಡಾಡುತ್ತಿತ್ತು. ಲೋಕಲಿನಲ್ಲಿ ಮಫ್ಲರುಗಳು, ಹಾಲಿನ ಬೂತಿನ ಮುಂದೆ ಮಂಕಿ ಕ್ಯಾಪುಗಳು. ಕಂಡವರೆಲ್ಲ ಕೈ ಕೈ ಉಜ್ಜಿಕೊಂಡು "ಕ್ಯಾ ಗುಲಾಬಿ ಥಂಡಿ ಹೈ!" ಎನ್ನುವುದು, ಹಿತವಾದ ಈ ಚಳಿಯನ್ನು ತಾವೇ ದುಡ್ಡು ಕೊಟ್ಟು ತರಿಸಿದವರ ಹಾಗೆ ನಗುವುದು. ಇಡೀ ಮುಂಬಯಿಯಲ್ಲಿ ಈ ಚಳಿಯ ಮೇಲೆ ಸಿಟ್ಟಿದ್ದವನು ಬಹುಶಃ ದೂಜಣ್ಣ ಒಬ್ಬನೇ.

ಸಿಟ್ಟಿಗೆ ಕಾರಣ ಟೆರೇಸಿನ ಪೂರ್ವದ ಗೋಡೆಯ ಉದ್ದಕ್ಕೂ ನಿಂತಿತ್ತು. ಕೆಳಗಿನ ಹೊಟೇಲಿನ ಖಾಲಿ ಎಣ್ಣೆ ಡಬ್ಬಿಗಳಲ್ಲಿ ನೆಟ್ಟ ಒಂದು ಸಾಲು ಮಲ್ಲಿಗೆ. ಊರ ಮಲ್ಲಿಗೆ, ಉಡುಪಿಯ ಕಡೆಯಿಂದ ಒದ್ದೆ ಗೋಣಿಯಲ್ಲಿ ಸುತ್ತಿ, ರೈಲಿನಲ್ಲಿ ಮಡಿಲ ಮೇಲೆ ಕೂರಿಸಿಕೊಂಡು ತಂದದ್ದು. ದೀಪಾವಳಿ ಮುಗಿದ ಕೂಡಲೇ ಅವನು ಗೆಲ್ಲು ಕತ್ತರಿಸಿ, ಎಲೆ ಕಿತ್ತು, ನೀರು ಕಡಿಮೆ ಮಾಡಿ ಗಿಡಗಳಿಗೆ ಉಪವಾಸ ಹಾಕಿದ್ದ. ಆಮೇಲೆ ಕಡಲೆ ಹಿಂಡಿ ಕೊಳೆಸಿ ಹೊಟ್ಟೆ ತುಂಬ ಉಣಿಸಿದ್ದ. ಗಿಡ ಮಾತು ಕೇಳಿತು. ಹೊಸ ಚಿಗುರು ಬಂತು, ಚಿಗುರಿನ ತುದಿಗೆ ಮೊಗ್ಗೂ ಬಂತು. ಅಷ್ಟರಲ್ಲಿ ಉತ್ತರದ ಗಾಳಿ ಬಂತು. ಮೊಗ್ಗು ಅಕ್ಕಿಕಾಳಿನಷ್ಟಾಗಿ ಅಲ್ಲಿಗೇ ನಿಂತಿತು. ಬೆಳೆಯಲೂ ಇಲ್ಲ, ಉದುರಲೂ ಇಲ್ಲ. ಹಟ ಹಿಡಿದ ಮಗುವಿನ ಹಾಗೆ ತುಟಿ ಬಿಗಿದು ಕೂತಿತು.

"ಮೋಡ ಅಂದ್ರೆ ಆಕಾಶದ ಕಂಬಳಿ," ಎಂದು ಅವನು ಚಂಪಾಳಿಗೆ ಅದೆಷ್ಟನೆಯ ಸಲವೋ ಹೇಳಿದ. "ಅದು ಹೊದ್ದರೆ ಹಗಲಿನ ಬಿಸಿ ಇಲ್ಲೇ ನಿಲ್ತದೆ. ಅದಿಲ್ಲದಿದ್ರೆ ಕತ್ತಲಾಗುವುದರೊಳಗೆ ಎಲ್ಲ ಮೇಲೆ ಹಾರಿಹೋಗ್ತದೆ. ನನಗೆ ಒಂದು ವಾರ ಮೋಡ ಬೇಕು. ಮಳೆ ಬೇಡ. ಬರೀ ಮೋಡ."

"ಆರ್ಡರ್ ಕೊಡಿ. ಕೆಳಗೆ ಹೊಟೇಲಿನ ಹಿತೇಶನಿಗೆ ಹೇಳಿದ್ರೆ ಪಾರ್ಸೆಲ್ ಮಾಡಿ ಕಳಿಸ್ತಾನೆ," ಎಂದಳು ಚಂಪಾ. ತಣ್ಣಗಾಗಿದ್ದ ಚಹಾವನ್ನು ತಾನೇ ಕುಡಿದು ಕೆಳಗಿಳಿದಳು.

ಮಗಳು ಯಕ್ಷಿತಾಳ ಮದುವೆ ಧನುರ್ಮಾಸ ಕಳೆದು ಜನವರಿಯ ಕೊನೆಯ ಭಾನುವಾರಕ್ಕೆ ನಿಕ್ಕಿಯಾಗಿತ್ತು. ಹುಡುಗ ದಾದರಿನ ಸಂದೀಪ, ತುಳು ಮಾತಾಡುವ ಮನೆಯವನೇ. ಹಾಲ್, ಅಡುಗೆ, ಸೀರೆ, ವಾಲಗ ಎಲ್ಲದರಲ್ಲೂ ದೂಜಣ್ಣ "ನಿಮಗೆ ಕಂಡ ಹಾಗೆ ಮಾಡಿ" ಎಂದು ಕೈ ಬಿಟ್ಟಿದ್ದ. ಒಂದೇ ಒಂದು ವಿಷಯದಲ್ಲಿ ಮಾತ್ರ ನಿಶ್ಚಿತಾರ್ಥದ ದಿನವೇ ಎಲ್ಲರೆದುರು ಎದ್ದು ನಿಂತು ಹೇಳಿಬಿಟ್ಟಿದ್ದ: ಮಗಳ ಜಡೆಗೆ ಮುಡಿಸುವ ಮಲ್ಲಿಗೆ ನನ್ನ ಗಿಡದ್ದು. ಜನವರಿಯಲ್ಲಿ ಮಲ್ಲಿಗೆಯಾ ಎಂದು ಊರಿನಿಂದ ಬಂದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಚಂಪಾಳ ತಮ್ಮ, ಉಡುಪಿಯಲ್ಲಿ ಹೂವಿನ ಅಂಗಡಿಯ ಪಕ್ಕದಲ್ಲೇ ಮನೆಯಿರುವವನು, "ಭಾವ, ಊರಲ್ಲೇ ಈಗ ಹೂವಿಲ್ಲ. ಆದರೂ ನಾನು ಹೇಗಾದರೂ ಮಾಡಿ ಮುಂಬಯಿ ಬಸ್ಸಿಗೆ ಹಾಕ್ತೇನೆ" ಎಂದ. ದೂಜಣ್ಣ "ನಿನ್ನ ಬಸ್ಸಿನಲ್ಲಿ ನೀನೇ ಕೂತು ಬಾ, ಹೂ ಬೇಡ" ಎಂದ.

ಈ ಹಟ ಒಂದು ದಿನದಲ್ಲಿ ಹುಟ್ಟಿದ್ದಲ್ಲ. ದೂಜಣ್ಣ ಹುಡುಗನಾಗಿದ್ದಾಗ ಮುಂಬಯಿಗೆ ಬಂದದ್ದು ಎಲ್ಲರ ಹಾಗೆ ಹೊಟೇಲಿನಲ್ಲಿ ಕಪ್ಪು ಬಸಿ ತೊಳೆಯುವುದಕ್ಕೆ. ಅಲ್ಲಿ ನಿಲ್ಲಲಿಲ್ಲ. ಸಾಬೂನು ನೀರಿನಲ್ಲಿ ಕೈ ಬೆಳ್ಳಗಾಗುವುದು ಅವನಿಗೆ ಸೇರಲಿಲ್ಲ, ಮಣ್ಣಿನಲ್ಲಿ ಕಪ್ಪಾದರೆ ಅಡ್ಡಿಯಿಲ್ಲ ಎಂದು ಒಂದು ನರ್ಸರಿ ಸೇರಿಕೊಂಡ. ಅಲ್ಲಿಂದ ಪವಾಯಿಯ ಒಂದು ಕಂಪನಿಯ ಕಾಲನಿಗೆ ಮಾಲಿಯಾಗಿ ಹೋದವನು ನಿವೃತ್ತಿಯಾಗುವವರೆಗೆ ಅಲ್ಲೇ ಬೇರು ಬಿಟ್ಟ. ನೆಂಟರಿಗೆ ಅದೊಂದು ತಮಾಷೆ. "ನಮ್ಮವರೆಲ್ಲ ಹೊಟೇಲು ಇಟ್ಟರು, ದೂಜ ಹುಲ್ಲು ನೆಟ್ಟ" ಎನ್ನುವರು.

ಆ ಕಾಲನಿಯ ತೋಟದಲ್ಲಿ ಚಳಿಗಾಲವೆಂದರೆ ಹೂವಿನ ಕಾಲ. ಸೇವಂತಿಗೆ, ಡೇಲಿಯಾ, ಗುಲಾಬಿ, ಸಾಹೇಬರ ಹೆಂಡತಿಯರು ಬೆಂಚಿನ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವಷ್ಟು. ಹಾಗೆಂದು ಮಾಲಿಗಳು ಒಂದು ಹೂವನ್ನೂ ಗೇಟಿನಿಂದ ಹೊರಗೆ ಒಯ್ಯುವ ಹಾಗಿರಲಿಲ್ಲ. ಸಂಜೆ ವಾಚ್‌ಮನ್ ಡಬ್ಬಿ ತೆರೆಸಿ ನೋಡುತ್ತಿದ್ದ. ಉದುರಿದ ಹೂವನ್ನೂ ಗೊಬ್ಬರದ ಗುಂಡಿಗೇ ಹಾಕಬೇಕು. ಯಕ್ಷಿತಾ ಬಾಲವಾಡಿಗೆ ಹೋಗುತ್ತಿದ್ದಾಗ ಟೀಚರು "ಅಪ್ಪ ಎಂತ ಕೆಲಸ ಮಾಡ್ತಾರೆ" ಎಂದು ಕೇಳಿದ್ದರಂತೆ. ಹೂ ಬೆಳೆಸ್ತಾರೆ ಎಂದಳಂತೆ ಮಗು. ಹಾಗಾದರೆ ನಾಳೆ ಒಂದು ತಾ ಎಂದರು. ಮರುದಿನ ಬೆಳಿಗ್ಗೆ ದೂಜಣ್ಣ ಸ್ಟೇಷನ್ನಿನ ಹೊರಗೆ ಬುಟ್ಟಿಯವಳ ಹತ್ತಿರ ಗುಲಾಬಿ ಕೊಂಡು ಮಗಳ ಕೈಗೆ ಕೊಟ್ಟ. ಕೊಡುವಾಗ ಯಾರ ಮೇಲೆ ಎಂದು ತಿಳಿಯದ ಒಂದು ಕೋಪ ಬಂತು. ಆ ಕೋಪ ಈಗ ಮುಖಕ್ಕೆ ಮುಖ ಕೊಟ್ಟು ಜಗಳಾಡಲು ಆಕಾಶವನ್ನು ಹುಡುಕಿಕೊಂಡಿತ್ತು, ಅಷ್ಟೇ.

ಸಂಜೆ ಕೆಲಸದಿಂದ ಬಂದ ಯಕ್ಷಿತಾ ಟೆರೇಸಿಗೇ ಬಂದಳು. ಅಪ್ಪ ಕೆಳಗೆ ಇರುವುದಿಲ್ಲ ಎಂದು ಅವಳಿಗೆ ಗೊತ್ತು. ಪಶ್ಚಿಮದಲ್ಲಿ ಕಂದು ಪಟ್ಟಿಯೊಳಗೆ ಸೂರ್ಯ ಹಳೆಯ ಪೈಸೆಯ ಹಾಗೆ ಕೆಂಪಗೆ ಮುಳುಗಿ, ಪೂರ್ವದಲ್ಲಿ ಮೂರು ನಕ್ಷತ್ರಗಳು ಒಂದರ ಕೆಳಗೊಂದು ಕಾಣಿಸಿಕೊಂಡಿದ್ದವು.

"ಪಪ್ಪ, ಮೊಬೈಲ್ ಹೇಳ್ತಾ ಉಂಟು, ಪೂರಾ ವೀಕ್ ಕ್ಲಿಯರ್ ಸ್ಕೈ. ಇನ್ನೂ ಥಂಡಿ ಆಗ್ತದಂತೆ."

"ನಿನ್ನ ಮೊಬೈಲು ಯಾವತ್ತಾದ್ರೂ ಟೆರೇಸು ಹತ್ತಿ ನೋಡಿದೆಯಾ? ಆ ವಿಮಾನ ನೋಡು. ನಿನ್ನೆ ಅದು ಆ ಕಡೆಯಿಂದ ಇಳಿತಿತ್ತು, ಇವತ್ತು ಈ ಕಡೆಯಿಂದ ಇಳಿತಾ ಉಂಟು. ಅಂದ್ರೆ ಗಾಳಿ ತಿರುಗಿದೆ. ನಾಳೆ ಮೋಡ ಬರ್ತದೆ."

ಮರುದಿನ ಮೋಡ ಬರಲಿಲ್ಲ. ಬೆಳಿಗ್ಗೆ ಮಗಳು ಹಲ್ಲುಜ್ಜುತ್ತಾ ಕಿಟಕಿಯಿಂದ ಇಣುಕಿ, "ಎಲ್ಲಿ ಪಪ್ಪ?" ಎಂದಳು.

"ಬಂದಿತ್ತು. ನೀವೆಲ್ಲ ಮಲಗಿದ್ದಿರಿ. ಬಂದು ಹೋಯ್ತು," ಎಂದ ದೂಜಣ್ಣ, ಕಣ್ಣು ಮಿಟುಕಿಸದೆ.

ಹೀಗೆ ಅವನು ದಿನಾ ಹೇಳಿದ, ಆಕಾಶ ದಿನಾ ಸುಳ್ಳು ಮಾಡಿತು. ಮೊಬೈಲು ಹೇಳಿದ್ದೇ ನಿಜವಾಗುತ್ತಿತ್ತು. ಅವನು ಮಾತ್ರ ತಪ್ಪು ತನ್ನದೆಂದು ಒಪ್ಪಲಿಲ್ಲ. ನಾನು ಸರಿಯಾಗಿಯೇ ಹೇಳಿದೆ, ಅದು ಸರಿಯಾಗಿ ಕೇಳಲಿಲ್ಲ ಎನ್ನುತ್ತಿದ್ದ. ಕತ್ತಲಾಗುವ ಮುಂಚೆ ಗಿಡಗಳಿಗೆ ಹಳೆಯ ಬೆಡ್‌ಶೀಟು ಹೊದಿಸಿದ. ಚಂಪಾಳ ಒಂದು ಹೊಸ ಶಾಲು ಕೂಡ ಹಾಗೆಯೇ ಮೇಲೆ ಹತ್ತಿತು. ಅದು ಗೊತ್ತಾದ ದಿನ ಅವರಿಬ್ಬರ ನಡುವೆ ಆದ ಮಾತನ್ನು ಮೂರನೇ ಮಾಳಿಗೆಯವರೂ ಕೇಳಿದರು.

"ಗಿಡಕ್ಕೆ ಕಾಶ್ಮೀರಿ ಶಾಲು! ನನಗೆ ಯಾವತ್ತಾದ್ರೂ ಹೊದಿಸಿದ್ದೀರಾ?"

"ನೀನು ಹೂ ಬಿಡುದಿದ್ರೆ ಹೊದಿಸ್ತಿದ್ದೆ ಮಾರಾಯ್ತಿ!"

ಸಂಕ್ರಾಂತಿಯ ದಿನ ಬಿಲ್ಡಿಂಗಿನ ಗುಜರಾತಿ ಮನೆಗಳವರೆಲ್ಲ ಗಾಳಿಪಟ ಹಿಡಿದು ಟೆರೇಸಿಗೆ ಹತ್ತಿದರು. ಹಾಡು, ಎಳ್ಳಿನ ಚಿಕ್ಕಿ, ಕಿರುಚಾಟ. ಆಕಾಶದ ತುಂಬ ಪಟಗಳು ದಕ್ಷಿಣಕ್ಕೆ ವಾಲಿ ಬಾಲ ಅಲ್ಲಾಡಿಸುತ್ತಿದ್ದವು. ದೂಜಣ್ಣ ಅವನ್ನೊಮ್ಮೆ ನೋಡಿದ. ಉತ್ತರದ ಗಾಳಿ, ಒಂದಿಷ್ಟೂ ಅಲುಗಿಲ್ಲ.

"ಕಾಕಾ, ಮಸ್ತ್ ಹವಾ ಹೈ ಆಜ್!" ಎಂದು ಸೊಸೈಟಿಯ ಸೆಕ್ರೆಟರಿ ಮನೀಶ್ ದಾರ ಎಳೆಯುತ್ತಾ ಹಿಂದೆ ಹಿಂದೆ ಬಂದ. ಬರುತ್ತಾ ಬರುತ್ತಾ ಸೀದಾ ಮಲ್ಲಿಗೆಯ ಡಬ್ಬಿಗೆ ಹಿಮ್ಮಡಿ ತಾಗಿಸಿದ.

"ಹವಾ ಮಸ್ತ್ ಹೈ, ತೋ ಹವಾ ಮೇ ಹೀ ಚಲೋ ನಾ! ಮೇರಾ ಗಿಡದ ಮೇಲೆ ಕಾಯ್ಕೋ?" ಎಂದು ದೂಜಣ್ಣ ಹಿಂದಿ ಕನ್ನಡ ಎರಡನ್ನೂ ಒಟ್ಟಿಗೆ ಎಸೆದ. ಮನೀಶ್ ನಕ್ಕು ಚಿಕ್ಕಿ ಕೊಟ್ಟ. ಜನ ಹೆಚ್ಚಾದರು. ಬೇರೆ ದಾರಿಯಿಲ್ಲದೆ ದೂಜಣ್ಣ ಒಂದೊಂದೇ ಡಬ್ಬಿ ಎದೆಗವಚಿಕೊಂಡು ಟೆರೇಸಿನ ಹಿಂಬದಿಯ ಮೂಲೆಗೆ ಸಾಗಿಸತೊಡಗಿದ. ಅಲ್ಲಿ ಯಾರೂ ಹೋಗುತ್ತಿರಲಿಲ್ಲ. ಕೆಳಗಿನ ಹೊಟೇಲಿನ ಅಡುಗೆಮನೆಯ ತಗಡಿನ ಹೊಗೆ ಕೊಳವೆ ಗೋಡೆಗುಂಟ ಮೇಲೆ ಬಂದು ಅಲ್ಲೇ ಬಾಯಿ ತೆರೆಯುತ್ತಿತ್ತು.

ಕೊನೆಯ ಡಬ್ಬಿ ಇಟ್ಟು ಸುಸ್ತಾಗಿ ಬೆನ್ನು ಒರಗಿಸಿದ. ಒರಗಿಸಿದ ಬೆನ್ನು ಬೆಚ್ಚಗಾಯಿತು. ತಿರುಗಿ ತಗಡಿಗೆ ಅಂಗೈ ಇಟ್ಟ. ಹದವಾದ ಬಿಸಿ, ಜ್ವರ ಬಂದ ಮಗುವಿನ ಹಣೆಯಷ್ಟು. ಕೊಳವೆಯ ಬುಡದಲ್ಲಿ ಬಿಲ್ಡಿಂಗಿನ ಬೆಕ್ಕು ನಾಲ್ಕು ಕಾಲೂ ಚಾಚಿ ಮಲಗಿತ್ತು. ದೂಜಣ್ಣ ಬೆಕ್ಕನ್ನು ನೋಡಿದ. ಆಮೇಲೆ ತಲೆಯೆತ್ತಿ ಆಕಾಶವನ್ನು ನೋಡಿ, ಈ ಸಲ ನಕ್ಕ.

"ನೀನು ಕೊಡಬೇಡ. ನನಗೆ ಕೊಡುವವರು ಬೇರೆ ಇದ್ದಾರೆ," ಎಂದ.

ಹಿತೇಶ ಕೆಳಗಿನ ಹೊಟೇಲಿನ ಯಜಮಾನ. ಅಪ್ಪ ಇಟ್ಟ ಹೊಟೇಲನ್ನು ಈಗ ಇವನು ನಡೆಸುತ್ತಿದ್ದ, ಗಲ್ಲಾದಲ್ಲಿ ಕೂತು ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸುವ ಜಾತಿ. ಕೊಳವೆ ತೊಳೆಸಲು ಮಾರನೆಯ ದಿನ ಟೆರೇಸಿಗೆ ಬಂದವನು ಮೂಲೆಯಲ್ಲಿ ಮಲ್ಲಿಗೆಯ ಡಬ್ಬಿಗಳು ಕೊಳವೆಯ ಸುತ್ತ ಅರ್ಧ ಚಂದ್ರದ ಹಾಗೆ ಕೂತಿರುವುದನ್ನು ಕಂಡು ನಿಂತುಬಿಟ್ಟ. ಸುತ್ತಲೂ ಹಳೆಯ ಬ್ಯಾನರಿನ ಪರದೆ ಬೇರೆ ಕಟ್ಟಿತ್ತು.

"ದೂಜಣ್ಣ, ಇದೆಂತ ಮಾರಾಯ್ರೆ? ಗಿಡಗಳಿಗೆ ಮೀಟಿಂಗ್ ಕರೆದದ್ದಾ?"

"ಬಿಸಿ ಕಾಯಿಸ್ತಾ ಉಂಟು. ನಿನ್ನ ಇಡ್ಲಿ ಬೇಯಿಸುವ ಅಟ್ಟಕ್ಕೆ ನೂರು ವರ್ಷ ಆಯುಸ್ಸು ಬರ್ಲಿ."

"ಅಟ್ಟದ ಹಬೆ ಮಾತ್ರ ಅಲ್ಲ ಇದು. ಎಣ್ಣೆ ಬಾಣಲೆಯ ಹೊಗೆಯೂ ಇದರಲ್ಲೇ ಬರುದು. ವಡೆ, ಬೋಂಡ, ಒಗ್ಗರಣೆ ಎಲ್ಲ. ಹೂವಿಗೆ ವಾಸನೆ ಹಿಡೀತದೆ ನೋಡಿ."

"ಹೊಗೆ ಮೇಲೆ ಹೋಗ್ತದೆ. ಬಿಸಿ ಇಲ್ಲಿ ಕೂರ್ತದೆ. ಎಲೆಗಳನ್ನು ನಾನು ದಿನಾ ಅಂಟುವಾಳದ ನೀರಿನಲ್ಲಿ ತೊಳೀತೇನೆ. ವಾಸನೆ ಎಲ್ಲಿಂದ? ಈಗ ಬರ್ತಾ ಉಂಟಾ ಎಂತ?"

ಹಿತೇಶ ಮೂಗು ಮೇಲೆ ಮಾಡಿದ. "ನನ್ನನ್ನು ಕೇಳಿ ಪ್ರಯೋಜನ ಇಲ್ಲ. ನಾನು ಅದರಲ್ಲೇ ಇರುವವ. ನಿಮಗೆ ಬರ್ತದಾ?"

ದೂಜಣ್ಣ ಪರದೆಯ ಗಂಟಿಗೆ ಕೈ ಹಾಕಿದ. ವರ್ಷಗಟ್ಟಲೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಹುಳದ ಔಷಧಿ ಹೊಡೆದು ಅವನ ಮೂಗು ಎಂದೋ ಕೆಲಸ ಬಿಟ್ಟಿತ್ತು. ಮೀನು ಹುರಿದರೂ ಅಗರಬತ್ತಿ ಹಚ್ಚಿದರೂ ಅವನಿಗೆ ಒಂದೇ. ಅದು ಚಂಪಾಳಿಗೆ ಗೊತ್ತು, ಹಿತೇಶನಿಗೂ ಗೊತ್ತು. ಆದರೆ ಎದುರು ಯಾರೂ ಹೇಳುತ್ತಿರಲಿಲ್ಲ.

"ಮಲ್ಲಿಗೆಯ ವಾಸನೆ ಅಂದ್ರೆ ಎಂತ ಅಂತ ತಿಳಿದಿದ್ದೀ ನೀನು? ಅದರ ಮುಂದೆ ನಿನ್ನ ವಡೆ ನಿಲ್ತದಾ?" ಎಂದು ಅವನು ಪರದೆಯ ಗಂಟನ್ನು ಇನ್ನಷ್ಟು ಬಿಗಿದ.

"ನಿಲ್ಲುದಿಲ್ಲ, ನಿಲ್ಲುದಿಲ್ಲ," ಎಂದು ಹಿತೇಶ ಕೈ ಮುಗಿದು ಇಳಿದುಹೋದ.

ಗಿಡ ಕೈಬಿಡಲಿಲ್ಲ. ಮೇಲೆ ಆಕಾಶ ಹಾಗೇ ನೀಲಿಯಾಗಿ ಹಲ್ಲು ಕಿರಿಯುತ್ತಿರುವಾಗಲೇ, ಚಳಿ ದಿನದಿಂದ ದಿನಕ್ಕೆ ಏರುತ್ತಿರುವಾಗಲೇ, ಬ್ಯಾನರಿನ ಪರದೆಯೊಳಗೆ ಅಕ್ಕಿಕಾಳು ಕುಚ್ಚಲಕ್ಕಿಯಾಯಿತು, ಕುಚ್ಚಲಕ್ಕಿ ನೆಲಗಡಲೆಯಾಯಿತು, ತೊಟ್ಟು ಉದ್ದವಾಯಿತು. ಒಂದು ಬೆಳಿಗ್ಗೆ ದೂಜಣ್ಣ ಚಂಪಾಳನ್ನು ಕೈ ಹಿಡಿದು ಮೇಲೆ ಎಳೆದುಕೊಂಡು ಬಂದ. ಗಿಡದ ತುಂಬ ಬಿಳಿಯ ಮೊಗ್ಗುಗಳು ಗೊಂಚಲು ಗೊಂಚಲಾಗಿ ನಿಂತಿದ್ದವು. ಚಂಪಾ ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಶಾಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

"ಎಂತ? ಈಗ ಹೇಳು," ಎಂದ ದೂಜಣ್ಣ.

"ಹೇಳುದೆಂತ? ನೀವು ಗೆದ್ದಿರಿ."

"ನನಗೆ ಹೇಳಬೇಡ. ಅದಕ್ಕೆ ಹೇಳು," ಎಂದು ಅವನು ಮೇಲೆ ಬೆರಳು ತೋರಿಸಿದ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಮೊಗ್ಗು ಕೊಯ್ದು, ಊರಿನಿಂದ ತರಿಸಿದ್ದ ಬಾಳೆನಾರನ್ನು ನೀರಿನಲ್ಲಿ ನೆನೆಸಿ, ನೆಲದ ಮೇಲೆ ಕೂತು ತಾನೇ ಕಟ್ಟಿದ. ಹೆಂಗಸರು ಕಟ್ಟುವಷ್ಟು ಒತ್ತಾಗಿರಲಿಲ್ಲ, ಆದರೆ ಉದ್ದವಿತ್ತು. ಎರಡು ಸುತ್ತು ಜಡೆಗೆ ಸಾಲುವಷ್ಟು. ಬಾಳೆಯೆಲೆಯಲ್ಲಿ ಸುತ್ತಿ, ಮೇಲೆ ಒದ್ದೆ ಬಟ್ಟೆ ಹಾಕಿ, ದೇವರ ಪಟದ ಕೆಳಗೆ ಇಟ್ಟ. ಅಡ್ಡ ಬಂದ ಪ್ರತಿಯೊಬ್ಬ ನೆಂಟನನ್ನೂ ನಿಲ್ಲಿಸಿ ಆ ಕಟ್ಟನ್ನು ತೋರಿಸಿದ. ಯಾರಿಗೂ ಬಿಚ್ಚಲು ಬಿಡಲಿಲ್ಲ.

ಮದುವೆಯ ಬೆಳಿಗ್ಗೆ ಬಿಸಿಲು ಬೀಳುವ ಹೊತ್ತಿಗೆ ಯಕ್ಷಿತಾಳ ಗೆಳತಿ ಲಾವಣ್ಯಾ ಬಂದು ಜಡೆ ಹಾಕಲು ಕೂತಳು. ಪಾರ್ಲರ್ ಇಟ್ಟವಳು, ಕನ್ನಡ ಅರ್ಥವಾಗುತ್ತದೆ, ಮಾತು ಮಾತ್ರ ತಡವರಿಸುತ್ತದೆ. ದೂಜಣ್ಣ ಹೊಸ ಪಂಚೆ ಉಟ್ಟು, ಎರಡೂ ಕೈಯಲ್ಲಿ ಎಲೆಯ ಕಟ್ಟು ಹಿಡಿದು ಬಂದು ಮಗಳ ಮುಂದೆ ಬಿಚ್ಚಿದ. ಹೂಗಳು ಪೂರ್ತಿ ಅರಳಿದ್ದವು. ಒಂದೂ ಬಾಡಿರಲಿಲ್ಲ, ಒಂದಕ್ಕೂ ಕಲೆಯಿರಲಿಲ್ಲ.

ಲಾವಣ್ಯಾ ಬಾಚಣಿಗೆ ನಿಲ್ಲಿಸಿ ಅತ್ತಿತ್ತ ನೋಡಿದಳು. "ಆಂಟಿ, ನಾಷ್ಟಾ ಬಂತಾ? ಗರಮ್ ವಡಾ ಸ್ಮೆಲ್ ಬರ್ತಾ ಉಂಟು."

ಚಂಪಾ ಗಂಡನ ಮುಖ ನೋಡಿದಳು. ಯಕ್ಷಿತಾ ಹೂವಿನ ಕಡೆ ಬಗ್ಗಿ, ಥಟ್ಟನೆ ತುಟಿ ಕಚ್ಚಿಕೊಂಡಳು. ದೂಜಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದ. ಮೂಗಿಗೆ ತಿಳಿಯದ್ದು ಕಣ್ಣಿಗೆ ತಿಳಿಯಿತು.

"ನಿಜ ಹೇಳು ಮಗಾ," ಎಂದ.

"ಪಪ್ಪ... ಮಲ್ಲಿಗೆ ಉಂಟು. ಹಿಂದೆ ವಡಾ ಕೂಡ ಉಂಟು. ಉದ್ದಿನದ್ದು."

ಚಂಪಾ ಒಳಗೆ ಹೋಗಿ ಫ್ರಿಜ್ಜಿನಿಂದ ಇನ್ನೊಂದು ಕಟ್ಟು ತಂದಳು. "ತಮ್ಮ ಬಸ್ಸಿಗೆ ಹಾಕಿದ್ದ. ನಾನೇ ಹೇಳಿದ್ದು. ಬೈಯುದಾದ್ರೆ ಮದುವೆ ಮುಗಿದ ಮೇಲೆ ಬೈಯಿರಿ. ಇವತ್ತು ಅವಳ ಮಂಡೆಯಲ್ಲಿ ಎಣ್ಣೆ ವಾಸನೆ ಬೇಡ. ದಾದರಿನವರು ಎಂತ ಹೇಳಿಯಾರು?"

ದೂಜಣ್ಣ ಎರಡೂ ಹೂಗಳನ್ನು ನೋಡಿದ. ಬಸ್ಸಿನ ಹೂ ದಾರಿಯಲ್ಲಿ ಸ್ವಲ್ಪ ಕಂದಿತ್ತು, ಆದರೆ ಅದು ಹತ್ತಿರ ಬಂದಾಗ ಹುಡುಗಿಯರ ಮುಖ ಅರಳಿದ್ದನ್ನು ಅವನು ಕಂಡ. ಸೋಲು ಎದುರಾದಾಗ ದನಿ ಜೋರು ಮಾಡುವುದು ಅವನ ಅಭ್ಯಾಸ.

"ಎಂತ ಹೇಳಿಯಾರು? ವಡೆ ಅಂತ ಹೇಳಿಯಾರು! ಹೇಳ್ಲಿ! ಇವತ್ತು ಹಾಲ್‌ನಲ್ಲಿ ವಡೆ ಇಲ್ವಾ? ಅದನ್ನು ತಿಂದು ಎಲ್ಲರೂ ಕೈ ನೆಕ್ಕುದಿಲ್ವಾ? ನಮ್ಮವರು ಈ ಮುಂಬಯಿಯಲ್ಲಿ ಯಾವ ವಾಸನೆಯಿಂದ ಮನೆ ಮಾಡಿದ್ದು? ಅತ್ತರು ಮಾರಿಯಾ? ಆ ಸಂದೀಪನ ಅಜ್ಜ ದಾದರಿನಲ್ಲಿ ಎಂತ ಮಾಡ್ತಿದ್ದದ್ದು? ಬಾಣಲೆಯ ಮುಂದೆಯೇ ನಿಂತದ್ದಲ್ವಾ? ವಾಸನೆಯ ಸುದ್ದಿ ಬಿಡಿ. ನನಗೆ ಒಂದೇ ಹೇಳಿ. ಈ ಚಳಿಯಲ್ಲಿ, ಈ ಊರಿನಲ್ಲಿ, ಇದು ಅರಳಿದೆಯೋ ಇಲ್ಲವೋ?"

"ಅರಳಿದೆ," ಎಂದಳು ಯಕ್ಷಿತಾ.

"ಸಾಕು. ಇನ್ನು ನೀನು ಬೇಕಾದ್ದನ್ನು ಮುಡಿ. ಬೇಡ ಅಂದ್ರೆ ನಾನು ಇದನ್ನು ಬಿಸಾಡುದಿಲ್ಲ. ನನ್ನ ಕೈಗೆ ಸುತ್ತಿಕೊಂಡು ಬರ್ತೇನೆ, ಎಲ್ಲರೂ ನೋಡ್ಲಿ." ಹೇಳಿ, ಅವನು ನಿಜವಾಗಿಯೂ ಮಾಲೆಯ ಒಂದು ತುದಿಯನ್ನು ಮುಂಗೈಗೆ ಸುತ್ತತೊಡಗಿದ.

ಯಕ್ಷಿತಾ ಕೈ ಚಾಚಿ ಮಾಲೆಯ ಇನ್ನೊಂದು ತುದಿ ಹಿಡಿದಳು. "ಬಿಡಿ ಪಪ್ಪ. ಲಾವಣ್ಯಾ, ಲಗಾ."

"ಕೌನ್ಸಾ?" ಎಂದು ಲಾವಣ್ಯಾ ಎರಡೂ ಮಾಲೆಗಳನ್ನು ನೋಡಿದಳು.

"ಪಪ್ಪಾವಾಲಾ."

"ಪಾಗಲ್ ಹೈ ಕ್ಯಾ? ಗಲೇ ಮಿಲೇಂಗೆ ಸಬ್ ತೇರೇಸೇ!"

"ಮಿಲ್ನೇ ದೇ. ಎಲ್ಲರೂ ತಬ್ಬಿಕೊಳ್ಲಿ," ಎಂದಳು ಯಕ್ಷಿತಾ. ಆಮೇಲೆ ಅಮ್ಮನ ಕಡೆ ತಿರುಗಿದಳು. "ಸ್ಕೂಲಲ್ಲಿ ಹುಡುಗಿಯರು ನನ್ನ ಯೂನಿಫಾರ್ಮ್ ಮೂಸಿ 'ಸಾಂಬಾರ್ ಆಗಯೀ' ಅಂತ ನಗ್ತಿದ್ರು. ಹೊಟೇಲಿನ ಮೇಲೆ ಮನೆ ಅಲ್ವಾ ನಮ್ದು. ನಾನು ದಿನಾ ಪೌಡರ್ ಹಾಕಿ ಹಾಕಿ ಹೋಗ್ತಿದ್ದೆ. ಇವತ್ತು ಅವರೂ ಬರ್ತಾರೆ. ಮೂಸ್ಲಿ. ಇವತ್ತು ಪೌಡರ್ ಹಾಕುದಿಲ್ಲ ನಾನು. ಬಸ್ಸಿಂದು ನೀವು ಮುಡೀರಿ ಅಮ್ಮ, ಉಳಿದದ್ದು ಬಾಗಿಲಲ್ಲಿ ಬಂದವರಿಗೆ ಕೊಡ್ಲಿ."

ಚಂಪಾ ಮಗಳನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ, "ಒಂದೇ ಬೇರಿನದ್ದು ಎರಡೂ" ಎಂದು ಗೊಣಗುತ್ತಾ ಪಿನ್ನುಗಳ ಡಬ್ಬಿಯನ್ನು ಲಾವಣ್ಯಾಳ ಕಡೆಗೆ ನೂಕಿದಳು.

ಧಾರೆಯ ಹೊತ್ತಿಗೆ ಹಾಲ್ ತುಂಬಿತ್ತು. ವಾಲಗ ಜೋರಾಯಿತು. ಮದುಮಗನ ಅಂಗೈಯ ಮೇಲೆ ಮಗಳ ಅಂಗೈ ಇಡಿಸಿ, ಮೇಲಿನಿಂದ ನೀರೆರೆಯಲು ದೂಜಣ್ಣ ಗಿಂಡಿ ಹಿಡಿದು ನಿಂತ. ಚಂಪಾ ಅವನ ಮುಂಗೈಗೆ ಕೈ ಕೊಟ್ಟು ಪಕ್ಕದಲ್ಲಿ ನಿಂತಳು.

"ಇಲ್ಲಿಯವರೆಗೂ ಬರ್ತಾ ಉಂಟು ಮಾರಾಯ್ರೆ," ಎಂದು ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು.

"ಬರ್ಲಿ. ಮಂಟಪ ದಾಟಿ ಹೋಗ್ಲಿ," ಎಂದ ದೂಜಣ್ಣ, ಪಿಸುಗುಟ್ಟದೆ.

ಪುರೋಹಿತರು ಹೇಳಿಕೊಟ್ಟ ಮಂತ್ರವನ್ನು ಸಂದೀಪ ತಡೆತಡೆದು ಹೇಳುತ್ತಿದ್ದ. ಬೆಳಿಗ್ಗೆಯಿಂದ ಅವನ ಹೊಟ್ಟೆಗೆ ನೀರು ಬಿಟ್ಟು ಬೇರೇನೂ ಬಿದ್ದಿರಲಿಲ್ಲ. ನೀರಿನ ಎಳೆ ಕೈಗಳ ಮೇಲೆ ಇಳಿಯತೊಡಗಿದಾಗ ಅವನು ಮಂತ್ರವನ್ನು ಅರ್ಧಕ್ಕೆ ನಿಲ್ಲಿಸಿ, ಯಕ್ಷಿತಾಳ ಜಡೆಯ ಕಡೆಗೆ ಮೆಲ್ಲಗೆ ಮುಖ ತಿರುಗಿಸಿ, ಒಮ್ಮೆ ಆಳವಾಗಿ ಉಸಿರೆಳೆದು, ಬಾಯಲ್ಲಿ ಊರಿದ ನೀರು ನುಂಗಿದ.